ದೆಹಲಿಯೋ, ಮಡಿಕೇರಿಯೋ: ಮಾನವ ಹಕ್ಕುಗಳ ಇಂಟರ್ನ್‌ಶಿಪ್ ಎಲ್ಲಿ ಮಾಡೋದು?

ಕಾನೂನು, ಸಮಾಜಕಾರ್ಯ ಓದುವ ನಮ್ಮ ಕೊಡಗಿನ ಮಕ್ಕಳದ್ದು ಒಂದೇ ಪ್ರಶ್ನೆ: ದೆಹಲಿಗೆ ಹೋಗಲಾ, ಇಲ್ಲೇ ಇರಲಾ?

ದೆಹಲಿ ಅಂದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, 1993ರಲ್ಲಿ ಶುರುವಾಗಿದ್ದು. ಬೇಸಿಗೆಗೆ, ಚಳಿಗಾಲಕ್ಕೆ ಸುಮಾರು ಒಂದು ತಿಂಗಳ ಇಂಟರ್ನ್‌ಶಿಪ್. ಎರಡು ವಾರದ ಆನ್‌ಲೈನ್ ಕೂಡ ಇದೆ. ಸರ್ಟಿಫಿಕೇಟಿಗೆ ತೂಕವಿದೆ, ಪೈಪೋಟಿಯೂ ಜಾಸ್ತಿ. ಆನ್‌ಲೈನ್ ಸುಲಭ ಅಂತ ಜುಲೈನಲ್ಲಂತೂ ಸೇರಬೇಡಿ. ನಮ್ಮ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು!

ಮಡಿಕೇರಿಯಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಪ್ರಕಟಣೆಗೆ ಕಾಯಬೇಡಿ, ಕಾಲೇಜಿನ ಪತ್ರ ಹಿಡಿದು ಹೋಗಿ ಕೇಳಿ. ಆದಿವಾಸಿಗಳ ಜೊತೆ ಕೆಲಸ ಮಾಡುವ ಸಣ್ಣ ಸಂಘಟನೆಗಳನ್ನೂ ವಿಚಾರಿಸಿ. ನನ್ನ ಮತ ಇವಕ್ಕೇ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದು ಇದೇ ಜಿಲ್ಲೆಯಲ್ಲಿ ಅಲ್ವಾ? ಕಾಡಿನಲ್ಲಿ ಬಾಳುವವರಿಗೆ ಅಲ್ಲಿನ ಜಮೀನಿನ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಹಾಡಿಯ, ಅಂದರೆ ಆದಿವಾಸಿ ಕೇರಿಯ ಜಗಲಿಯಲ್ಲಿ ಕೂತು, ಜೇನುಕುರುಬ ಬುಡಕಟ್ಟಿನ ಅಜ್ಜ ಹೇಳಿದ್ದನ್ನು ಒಂದು ಪದವೂ ಬದಲಿಸದೆ ಬರೆಯುವುದು ಸುಮ್ನೆ ಮಾತಲ್ಲ.

ಇಂಟರ್ನ್‌ಶಿಪ್ ಹುಡುಕುವಾಗ ‘ದೌರ್ಜನ್ಯ ತಡೆ’ ಅನ್ನೋ ಮಾತು ಕಂಡರೆ ಗೊಂದಲ ಬೇಡ: ಇಲ್ಲಿ ಹಾಗಂದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ಹೊರದೇಶಗಳಲ್ಲಿ ನರಮೇಧದಂಥದ್ದನ್ನು ತಡೆಯುವುದು. ನರಮೇಧ ತಡೆಯುವ ಕೆಲಸವೇ ಬೇಕಿದ್ದರೆ ವಿಶ್ವಸಂಸ್ಥೆ ಕಡೆ ನೋಡಿ. ಅದರ ಸಚಿವಾಲಯದಲ್ಲಿ ಇಂಟರ್ನ್‌ಗಳಿಗೆ ಸಂಬಳವಿಲ್ಲ. ಖರ್ಚಿನ ವಿಷಯ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.