ವಿ-ಕ್ರಾಸ್‌ಗೆ ಆಲ್-ಟೆರೇನ್ ಟೈರ್: ಮಲೆನಾಡಿನ ಮಳೆಯಲ್ಲಿ ದೀರ್ಘ ಬಳಕೆಯ ನಂತರ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಕೆಲಸಕ್ಕೂ ಮನೆಯ ಓಡಾಟಕ್ಕೂ ಇರುವುದು ಒಂದೇ ಗಾಡಿ, ಫೋರ್ ವೀಲ್ ಡ್ರೈವ್ ಇರುವ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. ಗಾಡಿಯ ಜೊತೆ ಬಂದಿದ್ದ ಹೈವೇ ಟೈರುಗಳು ಸವೆದ ಮೇಲೆ ಅದೇ 245/70 ಆರ್16 ಅಳತೆಯಲ್ಲಿ ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ ಜಿ015 ಎಂಬ ಆಲ್-ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ) ಟೈರು ಹಾಕಿಸಿದ್ದು, ಈಗ ಅವು ಕೆಲವು ಮಳೆಗಾಲಗಳನ್ನು ಕಂಡಿವೆ. ಹೊಸದರಲ್ಲಿ ಹೊಳಪು ನೋಡಿ ಬರೆದ ಅಭಿಪ್ರಾಯಕ್ಕಿಂತ ಅರ್ಧ ಸವೆದ ಟೈರಿನ ನಡವಳಿಕೆ ಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬ ಕಾರಣಕ್ಕೆ ಇಷ್ಟು ಕಾಲ ಕಾದು ಬರೆಯುತ್ತಿದ್ದೇನೆ.

ಪಿಕಪ್‌ಗೆ ಟೈರ್ ಹುಡುಕುವ ನಮ್ಮ ಕಡೆಯವರು ಮೊದಲು ಕೇಳುವುದು ಕೆಸರಿನ ಬಗ್ಗೆ. ಆದರೆ ಗಾಡಿ ನಿಜವಾಗಿ ಎಲ್ಲಿ ಓಡುತ್ತದೆ ಎಂದು ಲೆಕ್ಕ ಹಾಕಿದರೆ, ಮನೆಯಿಂದ ಮುಖ್ಯರಸ್ತೆಗೆ ಸೇರುವ ಮಣ್ಣಿನ ಹಾದಿ ಮತ್ತು ತೋಟದ ಒಳದಾರಿ ಬಿಟ್ಟರೆ ಉಳಿದದ್ದೆಲ್ಲ ಡಾಂಬರು: ಮಂಡಗದ್ದೆ, ಗಾಜನೂರು ಹಾದು ಶಿವಮೊಗ್ಗದ ಮಂಡಿಗೆ, ಆಗುಂಬೆ ಇಳಿದು ಉಡುಪಿಗೆ, ಹುಲಿಕಲ್ ಇಳಿದು ಕುಂದಾಪುರಕ್ಕೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಮೇಲಿನ ದರೆಯಿಂದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿರುವಾಗ ಬ್ರೇಕ್ ತುಳಿದರೆ ಗಾಡಿ ನಿಲ್ಲಬೇಕು. ಕೆಸರಿನಲ್ಲಿ ಹೂತ ಪಿಕಪ್ಪನ್ನು ಟ್ರ್ಯಾಕ್ಟರ್ ತಂದು ಎಳೆಯಬಹುದು. ಘಾಟಿಯಲ್ಲಿ ಜಾರಿದ್ದಕ್ಕೆ ಅಂಥ ಉಪಾಯವಿಲ್ಲ. ಹೀಗಾಗಿ ಒದ್ದೆ ಡಾಂಬರಿನ ಹಿಡಿತವನ್ನು ಮೊದಲ ಅಳತೆಗೋಲಾಗಿಟ್ಟುಕೊಂಡು, ಕೆಸರನ್ನು ಎರಡನೆಯದಾಗಿ ನೋಡಿದೆ.

ಈ ಲೆಕ್ಕದಲ್ಲಿ ಕೆಸರಿಗೆಂದೇ ಮಾಡಿದ ಮಡ್-ಟೆರೇನ್ ಟೈರುಗಳು ಪಟ್ಟಿಯಿಂದ ಬೇಗನೆ ಹೊರಬಿದ್ದವು. ಅವುಗಳ ದೊಡ್ಡ ರಬ್ಬರ್ ಬ್ಲಾಕುಗಳ ನಡುವೆ ಖಾಲಿ ಜಾಗ ಹೆಚ್ಚು, ಒದ್ದೆ ರಸ್ತೆಯನ್ನು ಕಚ್ಚುವ ಸಣ್ಣ ಸೀಳುಗಳು ಕಡಿಮೆ. ಕೆಸರಿಗೆ ಬೇಕಾದ ಗುಣವೇ ಡಾಂಬರಿನಲ್ಲಿ ಕೊರತೆಯಾಗುತ್ತದೆ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ಬಾಡಿಗೆ ಜೀಪುಗಳ ಕೆಲಸ ಬೇರೆ, ನಮ್ಮದು ಬೇರೆ.

ನಿಜವಾದ ಗೊಂದಲ ಶುರುವಾಗುವುದು ಆಲ್-ಟೆರೇನ್ ಎಂದು ತೀರ್ಮಾನಿಸಿದ ಮೇಲೆ. ಒಂದೇ ಹೆಸರಿನ ಟೈರು ಎರಡು ಬಗೆಯ ರಚನೆಯಲ್ಲಿ ಸಿಗಬಹುದು ಎಂಬುದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಅಳತೆಯ ಮುಂದೆ 'ಎಲ್‌ಟಿ' ಎಂಬ ಅಕ್ಷರಗಳಿದ್ದರೆ ಅದು ಲೈಟ್ ಟ್ರಕ್ ರಚನೆ: ಒಳಪದರ ಗಟ್ಟಿ, ಪಕ್ಕದ ಗೋಡೆ ದಪ್ಪ, ತೂಕ ಹೆಚ್ಚು, ಅಷ್ಟೇ ಭಾರ ಹೊರಲು ಗಾಳಿಯೂ ಹೆಚ್ಚು ಬೇಕು. ಆ ಅಕ್ಷರಗಳಿಲ್ಲದಿದ್ದರೆ ಪ್ಯಾಸೆಂಜರ್ ರಚನೆ. ಬಿಎಫ್ ಗುಡ್ರಿಚ್‌ನ ಕೆಒ2 ಎಂಬ ಆಲ್-ಟೆರೇನ್ ಟೈರು ಎಲ್‌ಟಿ ರಚನೆಗೇ ಹೆಸರಾದದ್ದು. ಜಿ015 ಅಳತೆಗೆ ತಕ್ಕಂತೆ ಎರಡೂ ಬಗೆಯಲ್ಲಿ ತಯಾರಾಗುತ್ತದೆ. ಚೂಪು ಕಲ್ಲಿನ ಮೇಲೆ ದಿನವೂ ಪೂರ್ತಿ ಭಾರ ಹೇರಿ ಓಡುವವರಿಗೆ ಎಲ್‌ಟಿ ಸರಿ. ಆದರೆ ಬಹುಪಾಲು ದಿನ ಹಿಂದಿನ ತೊಟ್ಟಿ ಖಾಲಿಯಿರುವ, ಹಿಂಬದಿಗೆ ಲೀಫ್ ಸ್ಪ್ರಿಂಗ್ ಇರುವ ಪಿಕಪ್‌ಗೆ ಗಟ್ಟಿ ಟೈರು ಹಾಕಿ ಹೆಚ್ಚು ಗಾಳಿ ತುಂಬಿದರೆ ಹಗುರವಾದ ಹಿಂಭಾಗ ಗುಂಡಿಗಳ ಮೇಲೆ ಕುಣಿಯುತ್ತದೆ, ಒದ್ದೆ ತಿರುವಿನಲ್ಲಿ ಬಾಲ ಬೀಸುವ ಸಂಭವವೂ ಹೆಚ್ಚುತ್ತದೆ. ನಾನು ಪ್ಯಾಸೆಂಜರ್ ರಚನೆಯದನ್ನೇ ಆರಿಸಿಕೊಂಡದ್ದು ಇದಕ್ಕಾಗಿ. ಭಾರದ ಚಿಂತೆಯಿರುವವರು ಪಕ್ಕದ ಗೋಡೆಯ ಮೇಲಿನ ಲೋಡ್ ಇಂಡೆಕ್ಸ್ ಓದಿಕೊಳ್ಳಬೇಕು: 107 ಎಂದರೆ ಒಂದು ಟೈರಿಗೆ 975 ಕೆ.ಜಿ., 111 ಎಂದರೆ 1,090 ಕೆ.ಜಿ., 118 ಎಂದರೆ 1,320 ಕೆ.ಜಿ. ಕಂಪನಿ ಕೊಟ್ಟ ಟೈರಿನ ಸಂಖ್ಯೆಗಿಂತ ಕೆಳಗೆ ಮಾತ್ರ ಇಳಿಯಬಾರದು. ಹಲವು ಅಳತೆಗಳಲ್ಲಿ ಜಿ015 ಟೈರಿಗೆ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತೂ ಇದೆ, ಅಂದರೆ ಹಿಮದ ರಸ್ತೆಗೂ ಆಗುತ್ತದೆ ಎಂದರ್ಥ. ತೀರ್ಥಹಳ್ಳಿಯಲ್ಲಿ ಅದಕ್ಕೆ ಕೆಲಸವಿಲ್ಲ, ಅದಕ್ಕಾಗಿ ಒಂದು ರೂಪಾಯಿ ಹೆಚ್ಚು ಕೊಡಬೇಕಾಗಿಯೂ ಇಲ್ಲ.

ಅಳತೆ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ, ಅಂಗಡಿಯವರೂ ಅದಕ್ಕೆ ನೀರೆರೆಯುತ್ತಾರೆ. 245/70 ಆರ್16ರ ಎತ್ತರ ಸುಮಾರು 749 ಮಿ.ಮೀ., 265/70 ಆರ್16ರದು ಸುಮಾರು 777. ಅಂದರೆ ನೆಲದಿಂದ ಗಾಡಿ ಏರುವುದು 14 ಮಿ.ಮೀ. ಮಾತ್ರ, ಅದಕ್ಕೆ ಪ್ರತಿಯಾಗಿ ಸ್ಪೀಡೋಮೀಟರ್ 80 ತೋರಿಸುವಾಗ ನಿಜವಾದ ವೇಗ 83ರ ಹತ್ತಿರವಿರುತ್ತದೆ, ಗೇರಿಂಗ್ ಅಷ್ಟು ಉದ್ದವಾಗಿ ಚಡಾವಿನಲ್ಲಿ ಎಂಜಿನ್ ಹೆಚ್ಚು ತಿಣುಕುತ್ತದೆ, ಅಗಲವಾದ ಟೈರು ನಿಂತ ನೀರಿನ ಮೇಲೆ ತೇಲುವುದೂ ಬೇಗ. ನೋಟಕ್ಕೆ ಚೆನ್ನ ಎಂಬುದನ್ನು ಅಲ್ಲಗಳೆಯುವುದಿಲ್ಲ, ಆದರೆ ನನಗೆ ಬೇಡವೆನಿಸಿತು.

ಇನ್ನು ಬಳಕೆಯ ವಿಷಯ. ಒದ್ದೆ ಡಾಂಬರಿನಲ್ಲಿ ಹಿಡಿತ ನಂಬಿಕೆ ಹುಟ್ಟಿಸುವಂತಿದೆ, ಅರ್ಧ ಸವೆದ ಮೇಲೂ ಅದು ಒಮ್ಮೆಲೇ ಕುಸಿದಿಲ್ಲ. ತೊಟ್ಟಿ ಖಾಲಿಯಿದ್ದಾಗ ಟೂ ವೀಲ್ ಡ್ರೈವ್‌ನಲ್ಲಿ ತಿರುವಿನೊಳಗೆ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಸರಿಯುವುದು ಪಿಕಪ್ಪಿನ ಹುಟ್ಟುಗುಣ. ಅದನ್ನು ಯಾವ ಟೈರೂ ಪೂರ್ತಿ ನೀಗಿಸಲಾರದು. ಮಳೆಗಾಲದಲ್ಲಿ ಗೊಬ್ಬರದ ಚೀಲಗಳನ್ನು ಹಿಂದಿನ ಆಕ್ಸಲ್ ಮೇಲೆ ಬರುವಂತೆ ಇಟ್ಟು ಬಿಗಿದಿಡುವ ಹಳೆಯ ಪದ್ಧತಿ ಈಗಲೂ ಅಗ್ಗದ ಪರಿಹಾರ.

ಜಂಬಿಟ್ಟಿಗೆ ಜಲ್ಲಿಯ ದಾರಿಗಳಲ್ಲಿ ಈ ಟೈರು ತನ್ನ ಮನೆಯಲ್ಲಿರುವಂತೆ ಓಡುತ್ತದೆ. ಮುರಕಲ್ಲಿನ ಚೂರುಗಳು ಬ್ಲಾಕುಗಳ ಅಂಚನ್ನು ಅಲ್ಲಲ್ಲಿ ಕೆತ್ತಿವೆ, ಆದರೆ ಪಕ್ಕದ ಗೋಡೆಗೆ ಪೆಟ್ಟಾಗಿಲ್ಲ. ಎಲೆ ಕೊಳೆತ ಮೆದುಮಣ್ಣು, ಗದ್ದೆಯ ಅಂಚು, ಅಡಿಕೆ ಕೊನೆಕೊಯ್ಲಿನ ಹೊತ್ತಿನ ತೋಟದ ದಾರಿ ಇವೆಲ್ಲ ಫೋರ್ ಹೈನಲ್ಲೇ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸಾಮಾನ್ಯ ವೇಗದ ಗೇರಿನಲ್ಲೇ) ಸಾಗುತ್ತವೆ. ಸೋಲುವುದು ಎರಡು ಕಡೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನೆನೆದ ಜಿಗಟು ಕೆಮ್ಮಣ್ಣು ಬ್ಲಾಕುಗಳ ನಡುವೆ ತುಂಬಿ, ಟೈರಿನ ವಿನ್ಯಾಸವೇ ಕಾಣದಂತೆ ಮೆತ್ತಿಕೊಳ್ಳುತ್ತದೆ. ಆಗ ಆಲ್-ಟೆರೇನ್ ಟೈರಿಗೂ ಬೋಳು ಟೈರಿಗೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಮತ್ತೊಂದು, ಮನೆಗಳತ್ತ ಏರುವ ಕಾಂಕ್ರೀಟ್ ದಾರಿಯ ಮೇಲಿನ ಪಾಚಿ. ಅಲ್ಲಿ ಟೈರು ಬದಲಿಸುವುದಕ್ಕಿಂತ ಬ್ಲೀಚಿಂಗ್ ಪುಡಿ ಹಾಕಿ ಕಡ್ಡಿ ಪೊರಕೆಯಿಂದ ಉಜ್ಜುವುದು ಹೆಚ್ಚು ಫಲ ಕೊಡುತ್ತದೆ.

ಬ್ರಾಂಡಿಗಿಂತ ಗಾಳಿಯ ಒತ್ತಡ ಹೆಚ್ಚು ವ್ಯತ್ಯಾಸ ಮಾಡುತ್ತದೆ ಎಂಬುದು ಬಳಸುತ್ತಾ ಬಳಸುತ್ತಾ ದೃಢವಾದ ಅಭಿಪ್ರಾಯ. ಕೆಸರಿನ ದಾರಿಗೆ ಇಳಿಯುವ ಮೊದಲು 20 ಪಿಎಸ್‌ಐ ಸುತ್ತ ಇಳಿಸಿದರೆ ಟೈರು ನೆಲದ ಮೇಲೆ ಉದ್ದವಾಗಿ ಹರಡಿ ಹಿಡಿಯುತ್ತದೆ. ಹಾಗೆ ಇಳಿಸಿದಾಗ ನಿಧಾನವಾಗಿಯೇ ಓಡಿಸಬೇಕು, ಭಾರ ಹೇರಿರಬಾರದು, ಡಾಂಬರಿಗೆ ಹತ್ತುವ ಮುನ್ನ ಮತ್ತೆ ತುಂಬಬೇಕು. ಹನ್ನೆರಡು ವೋಲ್ಟಿನ ಕಂಪ್ರೆಸರ್ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ರಸ್ತೆಯ ಓಟಕ್ಕೆ ಗಾಡಿಯ ಮೇಲೆ ಅಂಟಿಸಿರುವ ಚೀಟಿಯ ಅಂಕಿಗಳನ್ನೇ, ಖಾಲಿ ಮತ್ತು ಭಾರದ ಲೆಕ್ಕ ಬೇರೆ ಮಾಡಿ, ಪಾಲಿಸುತ್ತೇನೆ.

ಹಣ ಉಳಿಸಲೆಂದು ಎರಡೇ ಟೈರು ಬದಲಿಸುವ ರೂಢಿ ನಮ್ಮಲ್ಲಿದೆ. ಬೇಕೆಂದಾಗ ಮಾತ್ರ ಜೋಡಿಸಿಕೊಳ್ಳುವ ಪಾರ್ಟ್-ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಗಟ್ಟಿಯಾಗಿ ಜೋಡಣೆಯಾಗುವುದರಿಂದ, ಹೊಸ ಮತ್ತು ಸವೆದ ಟೈರುಗಳ ಸುತ್ತಳತೆಯ ವ್ಯತ್ಯಾಸ ಹಿಂದಕ್ಕೂ ಮುಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಒತ್ತಡವಾಗಿ ಬೀಳುತ್ತದೆ. ನಾಲ್ಕನ್ನೂ ಒಟ್ಟಿಗೆ ಹಾಕಿಸಿ, ಸ್ಟೆಪ್ನಿಗೂ ಅದೇ ಟೈರು ಕೊಂಡು, ಐದನ್ನೂ ಸರದಿಯಲ್ಲಿ ತಿರುಗಿಸಿದ್ದರಿಂದ ಸವೆತ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇದೆ.

ಸದ್ದು ಹೈವೇ ಟೈರಿಗಿಂತ ಸ್ವಲ್ಪ ಹೆಚ್ಚು, ಡೀಸೆಲ್ ಎಂಜಿನ್ನಿನ ಗುಡುಗಿನ ನಡುವೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮೈಲೇಜ್ ಅಲ್ಪ ಇಳಿದಿದೆ. ಭಾರವಾದ ಬ್ಲಾಕುಗಳಿರುವ ಯಾವ ಟೈರಿನಲ್ಲೂ ಇದು ತಪ್ಪದು.

ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡುವುದನ್ನು ಮರೆಯಬಾರದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಅಳತೆಗಳು ಬೇಕೆಂದಾಗ ಸಿಗುವುದು ಕಷ್ಟವಾಯಿತು, ಗೋದಾಮಿನಲ್ಲಿ ಕೂತ ಹಳೆಯ ಸರಕೂ ಹೊಸದೆಂದು ಕೈಗೆ ಬರಬಹುದು. ಪಕ್ಕದ ಗೋಡೆಯ ಮೇಲಿನ ಡಿಒಟಿ (DOT) ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2324 ಎಂದಿದ್ದರೆ 2024ರ ಇಪ್ಪತ್ತಮೂರನೇ ವಾರ. 2025ರ ಸೆಪ್ಟೆಂಬರ್ 22ರಿಂದ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಹಳೆಯ ದರಪಟ್ಟಿ ಹಿಡಿದು ಚೌಕಾಸಿ ಮಾಡಬೇಡಿ.

ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ನಮ್ಮ ಮಳೆಗೆ ಅದು ಸಾಲದು. ಅಷ್ಟು ಆಳದ ಗೀರುಗಳು ರಸ್ತೆಯ ನೀರನ್ನು ಹೊರದೂಡಲಾರವು. ಆಳ 4 ಮಿ.ಮೀ.ಗೆ ಇಳಿದ ವರ್ಷ, ಮೃಗಶಿರಾ ಹಿಡಿಯುವ ಮುನ್ನವೇ ಐದನ್ನೂ ಬದಲಿಸುವ ಯೋಚನೆಯಿದೆ. ಆಗಲೂ ಇದೇ ಅಳತೆ, ಇದೇ ಪ್ಯಾಸೆಂಜರ್ ರಚನೆ. ಇದೇ ಟೈರು ತಾಜಾ ದಿನಾಂಕದ್ದು ಶಿವಮೊಗ್ಗದಲ್ಲಿ ಸಿಕ್ಕರೆ ಇದನ್ನೇ, ಇಲ್ಲವಾದರೆ ಅದೇ ಲೋಡ್ ಇಂಡೆಕ್ಸಿನ ಬೇರೊಂದನ್ನು ಕೊಳ್ಳುತ್ತೇನೆ.