ಪತ್ರ ಅಸಲಿ, ರಿವಾಲ್ವರ್ ನಕಲಿ: ಹಳೆಯ ಕೋಲ್ಟ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಹಳೆಯ ರಿವಾಲ್ವರ್ ಜೊತೆಗೆ ಕಾರ್ಖಾನೆಯ ದಾಖಲೆಪತ್ರವೂ ಇದೆ ಎಂಬ ಕಾರಣಕ್ಕೇ ನಿರಾಳರಾಗುವ ಸಂಗ್ರಾಹಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಅಶ್ವದಳಕ್ಕಾಗಿ ಅಲ್ಲಿನ ಕೋಲ್ಟ್ ಕಂಪನಿ ತಯಾರಿಸಿದ, ಆರಂಭಿಕ ವರ್ಷಗಳ ಸಿಂಗಲ್ ಆಕ್ಷನ್ ಆರ್ಮಿ ಮಾದರಿ ಎಂದು ಹೇಳಿ ವ್ಯಾಪಾರಿಯೊಬ್ಬ ನನಗೆ ಮಾರಿದ ರಿವಾಲ್ವರ್‌ಗೆ ಅಂಥ ಪತ್ರವಿತ್ತು. ಪತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಕಾರ್ಖಾನೆಯ ಹಳೆಯ ರವಾನೆ ಪುಸ್ತಕಗಳನ್ನು ನೋಡಿಯೇ ಅದನ್ನು ಬರೆದಿದ್ದರು. ಆದರೆ ಆ ಪತ್ರ ಹೇಳುತ್ತಿದ್ದ ರಿವಾಲ್ವರ್ ಬೇರೆ, ನನ್ನ ಕೈಗೆ ಬಂದ ರಿವಾಲ್ವರ್ ಬೇರೆ.

ಈ ಬಗೆಯ ಕೋಲ್ಟ್‌ಗಳನ್ನೇ ಹೆಚ್ಚಾಗಿ ಏಕೆ ನಕಲು ಮಾಡುತ್ತಾರೆ ಎಂಬುದನ್ನು ಮೊದಲು ಹೇಳಬೇಕು. 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಈ ರಿವಾಲ್ವರ್‌ಗೆ ಏಳೂವರೆ ಅಂಗುಲದ ನಳಿಗೆ ಮತ್ತು .45 ಕ್ಯಾಲಿಬರ್ (ಅಂಗುಲದಲ್ಲಿ ನಳಿಗೆಯ ಒಳವ್ಯಾಸ) ಇತ್ತು. ಆರಂಭದ ವರ್ಷಗಳಲ್ಲಿ ಸರ್ಕಾರದ ಪರವಾಗಿ ಇವನ್ನು ಪರೀಕ್ಷಿಸಿದವರಲ್ಲಿ ಒಬ್ಬರಾದ ಐನ್ಸ್‌ವರ್ತ್ ಅವರ ಹೆಸರಿನ ಮೊದಲಕ್ಷರಗಳು ಹಿಡಿಕೆಯ ಮರದ ಮೇಲೂ ಲೋಹದ ಭಾಗಗಳ ಮೇಲೂ ಇರುತ್ತವೆ. 1876ರ ಜೂನ್‌ನಲ್ಲಿ ಅಮೆರಿಕದ ಮೂಲನಿವಾಸಿಗಳೆದುರು ನಡೆದ ಹೆಸರಾಂತ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಕಸ್ಟರ್ ನೇತೃತ್ವದ ಏಳನೆಯ ಅಶ್ವದಳದ ಬಳಿ ಇದ್ದ ರಿವಾಲ್ವರ್‌ಗಳು ಇದೇ ಗುಂಪಿನವು. ಹೀಗಾಗಿ ಒಂದೇ ಕಾರ್ಖಾನೆಯಿಂದ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹೊರಬಂದ ನಾಗರಿಕ ಕೋಲ್ಟ್‌ಗೂ ಐನ್ಸ್‌ವರ್ತ್ ಮುದ್ರೆಯಿರುವ ಕೋಲ್ಟ್‌ಗೂ ಬೆಲೆಯಲ್ಲಿ ಅಜಗಜಾಂತರ. ಸವೆದ ನಾಗರಿಕ ಕೋಲ್ಟ್ ಒಂದನ್ನು ಕೊಂಡು, ಕೆಲವು ಮುದ್ರೆಗಳನ್ನು ಅಳಿಸಿ ಕೆಲವನ್ನು ಒತ್ತಿದರೆ ಆ ಅಂತರವೆಲ್ಲ ಲಾಭವಾಗುತ್ತದೆ.

ನನಗೆ ಬಂದದ್ದು ಹೊರನೋಟಕ್ಕೆ ಚೆಂದವಾಗಿಯೇ ಇತ್ತು. ಫ್ರೇಮಿನ (ರಿವಾಲ್ವರ್‌ನ ಮುಖ್ಯ ಒಡಲು) ಎಡಬದಿಯಲ್ಲಿ ಯು.ಎಸ್. ಮುದ್ರೆ, ಒಂದೇ ತುಂಡಿನ ವಾಲ್ನಟ್ ಹಿಡಿಕೆ, ಬೂದುಬಣ್ಣಕ್ಕೆ ತಿರುಗಿದ ಲೋಹ, ಸುತ್ತಿಗೆಯನ್ನು ಹಿಂದಕ್ಕೆಳೆದಾಗ ಕೇಳುವ ಆ ನಾಲ್ಕು ಸ್ಪಷ್ಟ ಟಕ್ ಸದ್ದುಗಳು, ಎಲ್ಲವೂ ಸರಿಯಾಗಿದ್ದವು. ಸರಿಯಾಗಿರಲೇಬೇಕಿತ್ತು, ಏಕೆಂದರೆ ಅದು ನಿಜವಾದ ಕೋಲ್ಟ್. ಕೆಲವು ವರ್ಷ ತಡವಾಗಿ ಹುಟ್ಟಿದ ನಾಗರಿಕ ಕೋಲ್ಟ್ ಅಷ್ಟೆ. ಇಂಥ ವಂಚನೆಯನ್ನು ಹಿಡಿಯುವುದು ಕಷ್ಟವಾಗುವುದು ಇದೇ ಕಾರಣಕ್ಕೆ. ಪೂರ್ತಿ ಹೊಸದಾಗಿ ಮಾಡಿದ ನಕಲಿನಲ್ಲಿ ಎಲ್ಲವೂ ತಪ್ಪಾಗಿರುತ್ತದೆ. ಅಸಲಿಯನ್ನೇ ತಿದ್ದಿ ಮಾಡಿದ ನಕಲಿನಲ್ಲಿ ನಾಲ್ಕೈದು ಚದರ ಅಂಗುಲ ಲೋಹ ಮಾತ್ರ ಸುಳ್ಳು ಹೇಳುತ್ತಿರುತ್ತದೆ.

ಆ ಸುಳ್ಳು ಮೊದಲು ಹೊರಬಿದ್ದದ್ದು ಪೇಟೆಂಟ್ ದಿನಾಂಕಗಳಿರುವ ಜಾಗದಲ್ಲಿ. ಈ ಮಾದರಿಯ ಫ್ರೇಮಿನ ಎಡಬದಿಯಲ್ಲಿ ಮೊದಲಿಗೆ 1871ರ ಸೆಪ್ಟೆಂಬರ್ 19 ಮತ್ತು 1872ರ ಜುಲೈ 2 ಎಂಬ ಎರಡೇ ದಿನಾಂಕಗಳನ್ನು ಎರಡು ಸಾಲುಗಳಲ್ಲಿ ಒತ್ತುತ್ತಿದ್ದರು. 1875ರ ಜನವರಿ 19ರ ಮೂರನೆಯ ಪೇಟೆಂಟ್ ಬಂದ ಮೇಲೆ ಅದೂ ಸೇರಿಕೊಂಡಿತು. 1874ರ ಫ್ರೇಮಿನ ಮೇಲೆ 1875ರ ದಿನಾಂಕ ಇರಲು ಸಾಧ್ಯವಿಲ್ಲವಾದ್ದರಿಂದ, ಕೈಚಳಕ ತೋರುವವರು ಮೂರನೆಯ ಸಾಲನ್ನು ಉಜ್ಜಿ ತೆಗೆಯುತ್ತಾರೆ. ಪರಿಣತರೊಬ್ಬರು ನನ್ನ ರಿವಾಲ್ವರ್‌ನ ಆ ಭಾಗಕ್ಕೆ ಉಕ್ಕಿನ ಅಳತೆಪಟ್ಟಿಯ ನೇರ ಅಂಚನ್ನು ತಾಗಿಸಿ ಹಿಂದಿನಿಂದ ಬೆಳಕು ಹಿಡಿದಾಗ, ಎರಡನೆಯ ಸಾಲಿನ ಕೆಳಗೆ ಬೆಳಕು ತೂರಿಬಂತು. ಕಣ್ಣಿಗೂ ಬೆರಳಿಗೂ ನಿಲುಕದ ಒಂದು ತಗ್ಗು ಅಲ್ಲಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಆ ತಗ್ಗಿನೊಳಗಿನ ಗೀರುಗಳು ಉಳಿದ ಫ್ರೇಮಿನ ಗೀರುಗಳಿಗಿಂತ ಬೇರೆ ದಿಕ್ಕಿನಲ್ಲಿ ಹರಿದಿದ್ದವು.

ಅಲ್ಲಿಂದ ಮುಂದೆ ಒಂದೊಂದಾಗಿ ಎಲ್ಲವೂ ಬಯಲಾಯಿತು. ಟ್ರಿಗರ್ ಗಾರ್ಡಿನ ಮುಂದೆ, ಫ್ರೇಮಿನ ತಳದಲ್ಲಿರುವ ಕ್ರಮಸಂಖ್ಯೆಯ ಅಂಕಿಗಳ ಸುತ್ತ ಲೋಹ ತುಸು ಉಬ್ಬಿ ನಿಂತಿತ್ತು. ನೂರೈವತ್ತು ವರ್ಷ ಕೈಯಿಂದ ಕೈಗೆ ದಾಟಿದ ವಸ್ತುವಿನಲ್ಲಿ ಅಂಥ ಅಂಚು ಎಂದೋ ಸವೆದುಹೋಗಿರಬೇಕಿತ್ತು. ಆರಂಭದ ಸೇನಾ ಕೋಲ್ಟ್‌ಗಳಲ್ಲಿ ತೋಟಾ ತುಂಬುವ ಸಿಲಿಂಡರ್ ಮೇಲೂ, ಖಾಲಿ ತೋಟಾ ಹೊರದಬ್ಬುವ ಎಜೆಕ್ಟರ್ ಕೊಳವೆಯ ಮರೆಯಲ್ಲಿ ನಳಿಗೆಯ ಮೇಲೂ ಸಂಖ್ಯೆ ಇರಬೇಕು. ಕೊಳವೆಯನ್ನು ಬಿಚ್ಚಿ ನೋಡಿದಾಗ ನಳಿಗೆಯ ಆ ಜಾಗ ಉಜ್ಜಿ ನುಣುಪಾಗಿಸಿದಂತೆ ಬೋಳಾಗಿತ್ತು. ನಳಿಗೆಯ ಮೇಲಿನ ಕಾರ್ಖಾನೆ ವಿಳಾಸ ನೆಟ್ಟಗಿನ ಅಕ್ಷರಗಳಲ್ಲಿತ್ತು, ಆದರೆ ಐನ್ಸ್‌ವರ್ತ್ ಕಾಲದ ನಳಿಗೆಗಳ ಮೇಲೆ ಅದು ಓರೆ ಅಕ್ಷರಗಳಲ್ಲಿರಬೇಕು. ಹಿಡಿಕೆಯ ಮೇಲಿನ ಪರೀಕ್ಷಕರ ಮುದ್ರೆಯಂತೂ ನನಗೆ ಅತಿ ಹೆಚ್ಚು ನೋವು ಕೊಟ್ಟಿತು. ಸುತ್ತಲಿನ ಮರ ಸವೆದು ದುಂಡಗಾಗಿದ್ದರೂ ಮುದ್ರೆಯ ಅಂಚುಗಳು ಚೂಪಾಗಿಯೇ ಇದ್ದವು. ಮರ ಸವೆದ ಮೇಲೆಯೇ ಯಾರೋ ಅದನ್ನು ಒತ್ತಿದ್ದರು. ಯಾವನೋ ಒಬ್ಬ ಸಾಮಾನ್ಯ ಮನುಷ್ಯ ಜೀವಮಾನವಿಡೀ ಹಿಡಿದು ಸವೆಸಿದ ಪ್ರಾಮಾಣಿಕ ಹಿಡಿಕೆಯೊಂದನ್ನು ಹಾಗೆ ಕೆಡಿಸಿದ್ದು ನನ್ನ ದೃಷ್ಟಿಯಲ್ಲಿ ಹಣದ ಮೋಸಕ್ಕಿಂತ ದೊಡ್ಡ ಅಪರಾಧ.

ವ್ಯಾಪಾರಿಯ ಬಳಿ ಪ್ರತಿಯೊಂದಕ್ಕೂ ಉತ್ತರ ಸಿದ್ಧವಿತ್ತು. ನಳಿಗೆಯನ್ನು ಸೇನೆಯೇ ಬದಲಿಸಿರಬೇಕು, ಫ್ರೇಮನ್ನು ಹಿಂದಿನ ಮಾಲೀಕ ಪಾಲಿಶ್ ಮಾಡಿಸಿರಬೇಕು, ಮರದ ಮುದ್ರೆ ಹೋಲ್ಸ್ಟರಿನೊಳಗೆ ಇದ್ದುದರಿಂದ ಉಳಿದಿರಬೇಕು ಎಂದು ಆತ ಹೇಳುತ್ತ ಹೋದ. ಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಎಲ್ಲವೂ ಒಂದೇ ರಿವಾಲ್ವರ್‌ನಲ್ಲಿ, ಬೆಲೆ ಏರಿಸುವ ಕಡೆಗೇ ವಾಲಿಕೊಂಡು ಸಂಭವಿಸಿವೆ ಎಂದರೆ ನಂಬಲಾಗದು. ಕೊನೆಗೆ ಆತ ಪತ್ರವನ್ನೇ ಮುಂದಿಟ್ಟು, ಕಾರ್ಖಾನೆಯೇ ಹೇಳಿದ ಮೇಲೆ ಇನ್ನೇನು ಎಂದು ಕೇಳಿದ. ಹಣ ವಾಪಸ್ ಬರಲಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಬ್ಬ ಸಂಗ್ರಾಹಕನೂ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಇಂಥ ಪತ್ರವನ್ನು ಕೋಲ್ಟ್ ಕೊಟ್ಟಿರಲಿ, ಇನ್ನೊಂದು ಅಮೆರಿಕನ್ ಕಂಪನಿಯಾದ ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳಿಗೆ ಅದರ ಇತಿಹಾಸ ಪ್ರತಿಷ್ಠಾನ ಕೊಟ್ಟಿರಲಿ, ಅದು ಹೇಳುವುದು ಇಂಥ ಸಂಖ್ಯೆಯ ರಿವಾಲ್ವರ್ ಇಂಥ ದಿನ, ಇಂಥ ಕ್ಯಾಲಿಬರ್, ನಳಿಗೆ ಮತ್ತು ಬಣ್ಣದೊಂದಿಗೆ ಇಂಥವರಿಗೆ ರವಾನೆಯಾಯಿತು ಎಂದಷ್ಟೇ. ಪತ್ರ ಬರೆಯುವವರು ನಮ್ಮ ರಿವಾಲ್ವರ್ ಕಂಡಿರುವುದಿಲ್ಲ. ಯಾರೋ ಒಂದು ಸಂಖ್ಯೆ ಕಳಿಸಿ ಶುಲ್ಕ ಕಟ್ಟಿದರೆ ಪುಸ್ತಕದಲ್ಲಿ ಇದ್ದದ್ದನ್ನು ಬರೆದುಕೊಡುತ್ತಾರೆ. ಆಕರ್ಷಕ ಚರಿತ್ರೆಯಿರುವ ಸಂಖ್ಯೆಯನ್ನು ಮೊದಲು ಹುಡುಕಿ, ಪತ್ರ ತರಿಸಿಕೊಂಡು, ಆಮೇಲೆ ಆ ಸಂಖ್ಯೆಯನ್ನು ಬೇರೊಂದು ಫ್ರೇಮಿಗೆ ಒತ್ತುವವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದ್ದರಿಂದ ಲೋಹವನ್ನು ಪೂರ್ತಿ ಪರೀಕ್ಷಿಸುವ ತನಕ ಪತ್ರವನ್ನು ತೆರೆಯಲೇಬೇಡಿ. ಓದಿಬಿಟ್ಟರೆ ಕಣ್ಣು ಪತ್ರಕ್ಕೆ ಹೊಂದುವುದನ್ನೇ ಹುಡುಕತೊಡಗುತ್ತದೆ.

ಹಾಗೆಂದು ಸಂಖ್ಯೆ ಹೊಂದದ ರಿವಾಲ್ವರ್‌ಗಳೆಲ್ಲ ನಕಲಿ ಎಂಬ ತೀರ್ಮಾನಕ್ಕೂ ಹಾರಬಾರದು. 1890ರ ದಶಕದಲ್ಲಿ ಸೇನೆ ತನ್ನ ಹಳೆಯ ಕೋಲ್ಟ್‌ಗಳ ನಳಿಗೆಯನ್ನು ಐದೂವರೆ ಅಂಗುಲಕ್ಕೆ ಕತ್ತರಿಸಿ, ಬಿಡಿಭಾಗಗಳ ಸಂಖ್ಯೆ ನೋಡದೆ ಮತ್ತೆ ಜೋಡಿಸಿತು. ಸಂಗ್ರಾಹಕರು ಆರ್ಟಿಲರಿ ಮಾದರಿ ಎಂದು ಕರೆಯುವ ಅಂಥ ರಿವಾಲ್ವರ್‌ನಲ್ಲಿ ಸಂಖ್ಯೆಗಳು ಬೇರೆಬೇರೆಯಾಗಿರುವುದೇ ಸಹಜ, ಎಲ್ಲವೂ ಒಂದೇ ಆಗಿದ್ದರೆ ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು.

ಬಣ್ಣದ ವಿಷಯದಲ್ಲಿಯೂ ಅಷ್ಟೇ ಜಾಗರೂಕತೆ ಬೇಕು. ಮೂಳೆ ಮತ್ತು ಇದ್ದಿಲಿನೊಂದಿಗೆ ಕಾಯಿಸಿ ನೀರಿಗೆ ಅದ್ದಿದ ಹಳೆಯ ಫ್ರೇಮುಗಳ ಮೇಲೆ ನೀಲಿ, ಕಂದು, ಬೂದು ಬಣ್ಣಗಳು ಒಂದರೊಳಗೊಂದು ಕರಗಿದಂತಿರುತ್ತವೆ. ಆಸಿಡ್ ಅಥವಾ ಗ್ಯಾಸ್ ಜ್ವಾಲೆಯಿಂದ ಬರಿಸಿದ ಬಣ್ಣ ಲೋಹದ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಮರುಬಣ್ಣ ಹಾಕುವ ಮುನ್ನ ಉಜ್ಜಿದ್ದರೆ ಸ್ಕ್ರೂ ರಂಧ್ರಗಳ ಬಾಯಿ ತಟ್ಟೆಯಂತೆ ತಗ್ಗಾಗಿ, ಮೂಲೆಗಳು ದುಂಡಗಾಗಿ, ಅಕ್ಷರಗಳು ಒಂದು ಬದಿಯಲ್ಲಿ ಮಾಸಿರುತ್ತವೆ. ಗುಳಿಬಿದ್ದ ತುಕ್ಕಿನ ಮೇಲೆ ಹೊಳೆಯುವ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಟ್ಟ ನೀಲಿ ಲೇಪ, ಕಂಡರೆ ಅದು ತುಕ್ಕಿನ ನಂತರದ್ದು ಎಂಬುದರಲ್ಲಿ ಸಂದೇಹವಿಲ್ಲ.

ತೋಟಾದ ಬದಲು ಮದ್ದು, ಗುಂಡು ಮತ್ತು ಕಿಡಿ ಹೊತ್ತಿಸುವ ಪುಟ್ಟ ಲೋಹದ ಕ್ಯಾಪ್ ಬಳಸುವ 1851ರ ನೇವಿ ಮಾದರಿಯಂಥ ಕೋಲ್ಟ್‌ಗಳಲ್ಲಿ ಅಪಾಯ ಬೇರೆ ದಿಕ್ಕಿನಿಂದ ಬರುತ್ತದೆ. 1950ರ ದಶಕದ ಕೊನೆಯಿಂದ ಇಟಲಿಯಲ್ಲಿ ಇವುಗಳ ಪ್ರತಿಕೃತಿಗಳನ್ನು ತಯಾರಿಸುತ್ತಿದ್ದಾರೆ. ತಯಾರಕರು ಮರೆಮಾಚುವುದೇನೂ ಇಲ್ಲ. ಅಲ್ಲಿನ ಗಾರ್ಡೋನೆ ಪಟ್ಟಣದ ಬಂದೂಕು ಪರೀಕ್ಷಾಲಯದ ಮುದ್ರೆ, ನಕ್ಷತ್ರದ ಕೆಳಗೆ ಕಪ್ಪು ಮದ್ದನ್ನು ಸೂಚಿಸುವ ಪಿ.ಎನ್. ಅಕ್ಷರಗಳು, ಪುಟ್ಟ ಚೌಕದೊಳಗೆ ವರ್ಷದ ಸಂಕೇತ ಎಲ್ಲವನ್ನೂ ಒತ್ತಿರುತ್ತಾರೆ. ಅವನ್ನು ಅಳಿಸಿ, ಲೋಹವನ್ನು ತುಕ್ಕು ಹಿಡಿಸಿ ಹಳೆಯದೆಂದು ಮಾರುವವರು ಮಧ್ಯದವರು. ನಳಿಗೆ ಮತ್ತು ಫ್ರೇಮಿನ ಬದಿಗಳಲ್ಲಿ, ಲೋಡಿಂಗ್ ಲಿವರ್‌ನ ಮರೆಯಲ್ಲಿ ಉಜ್ಜಿದ ಗುರುತುಗಳನ್ನು ಹುಡುಕಬೇಕು. ಸಿಲಿಂಡರ್ ಸುತ್ತ ಆರ್ಮ್ಸ್‌ಬಿ ಕೆತ್ತಿದ 1843ರ ನೌಕಾಯುದ್ಧದ ಚಿತ್ರ ಅಸಲಿಯಲ್ಲಿ ತುಂಬ ನವಿರಾಗಿರುತ್ತದೆ, ಹಲವು ಪ್ರತಿಕೃತಿಗಳಲ್ಲಿ ಒರಟಾಗಿರುತ್ತದೆ. ಹಿತ್ತಾಳೆ ಫ್ರೇಮು, ಪೂರ್ತಿ ಎಂಟು ಮುಖದ ನಳಿಗೆ ಇರುವುದನ್ನು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟ ಸೇನೆಗಾಗಿ ಮಾಡಿದ ಗ್ರಿಸ್‌ವೋಲ್ಡ್ ರಿವಾಲ್ವರ್ ಎಂದು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಗ್ರಿಸ್‌ವೋಲ್ಡ್ ನಳಿಗೆಯ ಮುಂಭಾಗ ದುಂಡಗಿರುತ್ತದೆ.

ಆಧುನಿಕ ರಿವಾಲ್ವರ್‌ಗಳಲ್ಲಿ ಇಷ್ಟು ಕಸರತ್ತು ಕಡಿಮೆ. 1955ರಲ್ಲಿ ಬಂದ ಕೋಲ್ಟ್ ಪೈಥಾನ್‌ನಂಥವುಗಳಲ್ಲಿ ಮರುಬಣ್ಣ, ಬದಲಾದ ಹಿಡಿಕೆ, ಬೇರೆ ರಿವಾಲ್ವರ್‌ನ ಪೆಟ್ಟಿಗೆ ಇವೇ ಮುಖ್ಯ ತೊಂದರೆಗಳು. ಪೆಟ್ಟಿಗೆಯ ಮೇಲೆ ಸಂಖ್ಯೆ ಬರೆದಿದ್ದರೆ ಹೋಲಿಸಿ ನೋಡಬೇಕು. ಸ್ಮಿತ್ ಅಂಡ್ ವೆಸನ್‌ನಲ್ಲಿ ಹಿಡಿಕೆಯ ತಳದ ಸಂಖ್ಯೆಯ ಬಳಿ ನಕ್ಷತ್ರವಿದ್ದರೆ ಅದು ಒಮ್ಮೆ ಕಾರ್ಖಾನೆಗೆ ಮರಳಿ ಹೋಗಿ ಬಂದಿದೆ ಎಂದರ್ಥ.

ಹಣಕ್ಕಿಂತ ದೊಡ್ಡ ನಷ್ಟ ತರುವ ಒಂದು ತಿದ್ದುಪಡಿಯನ್ನು ಇಲ್ಲಿ ಹೇಳದೆ ಬಿಡಲಾರೆ. ಬ್ರಿಟನ್ನಿನ 1915ರ ವೆಬ್ಲಿ ಮಾರ್ಕ್ 6 ರಿವಾಲ್ವರ್ .455 ತೋಟಾಕ್ಕಾಗಿ ಮಾಡಿದ್ದು. ಅದರ ಸಿಲಿಂಡರ್‌ನ ಹಿಂಬದಿಯನ್ನು ಕೆತ್ತಿ .45 ಎ.ಸಿ.ಪಿ. ಎಂಬ ಆಟೋಮ್ಯಾಟಿಕ್ ಪಿಸ್ತೂಲಿನ ತೋಟಾ ಕೂರುವಂತೆ ಮಾಡಿದ ಎಷ್ಟೋ ರಿವಾಲ್ವರ್‌ಗಳು ಮಾರುಕಟ್ಟೆಯಲ್ಲಿವೆ. ಕಾರ್ಖಾನೆಯಲ್ಲಿ ತುಂಬಿದ ಆ ತೋಟಾದ ಒತ್ತಡ ವೆಬ್ಲಿಯ ಸಹಜ ಮಿತಿಯನ್ನು ದಾಟಿ, ಅದನ್ನು ಪರೀಕ್ಷಿಸಿದ ಒತ್ತಡದ ಮಟ್ಟಕ್ಕೇ ಹೋಗುತ್ತದೆ. ತೋಟಾ ಸುಲಭವಾಗಿ ಸಿಗುತ್ತದೆ ಎಂಬ ಮಾತು ಕೇಳಿ ಅಂಥದ್ದನ್ನು ಸಿಡಿಸಲು ಹೋಗಬೇಡಿ. ಸಿಲಿಂಡರ್ ಸೀಳಿದರೆ ಬೆರಳು, ಕಣ್ಣು ಹೋಗುವುದು ನಮ್ಮದೇ.

ಕೊಳ್ಳುವ ಮೊದಲೇ ನಮ್ಮ ದೇಶದ ಕಾನೂನು ತಿಳಿದಿರಬೇಕು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದು ಪ್ರಾಚೀನವಸ್ತು ಎನಿಸಿಕೊಂಡರೆ, ಬೇರೆ ದೇಶಗಳಲ್ಲಿ ಅದೇ ರಿವಾಲ್ವರ್‌ಗೆ ಪರವಾನಗಿ ಬೇಕಾಗಬಹುದು. ಮಾರುವವನು ಹೇಳಿದ ತಯಾರಿಕೆಯ ವರ್ಷ ಸುಳ್ಳಾದರೆ ಹಣದ ಜೊತೆಗೆ ಕಾನೂನಿನ ತೊಡಕೂ ಕೊಂಡವನ ತಲೆಗೇ ಬರುತ್ತದೆ.

ಈಗ ನಾನು ಮುಂಗಡ ಕೊಡುವ ಮೊದಲು ಒಂದು ಷರತ್ತನ್ನು ಬರವಣಿಗೆಯಲ್ಲಿ ಕೇಳುತ್ತೇನೆ. ನಾನು ಆರಿಸಿದ ಪರಿಣತರು ಹಿಡಿಕೆ, ಸಿಲಿಂಡರ್, ಎಜೆಕ್ಟರ್ ಕೊಳವೆಗಳನ್ನು ಬಿಚ್ಚಿ ನೋಡುವಂತಿರಬೇಕು, ಅವರು ಒಪ್ಪದಿದ್ದರೆ ಪೂರ್ತಿ ಹಣ ಮರಳಬೇಕು. ಪ್ರಾಮಾಣಿಕ ವ್ಯಾಪಾರಿಗಳು ಇದಕ್ಕೆ ಸಹಿ ಹಾಕಲು ಹಿಂಜರಿಯುವುದಿಲ್ಲ. ನನಗೆ ಆ ಕೋಲ್ಟ್ ಮಾರಿದವನು ಕೆಲಕಾಲದ ನಂತರ ಅದನ್ನು ಅರ್ಧ ಬೆಲೆಗೆ ತಾನೇ ಕೊಳ್ಳುವುದಾಗಿ ಹೇಳಿಕಳಿಸಿದ. ಕೊಟ್ಟರೆ ಅದು ಅದೇ ಪತ್ರದೊಂದಿಗೆ ಇನ್ನೊಬ್ಬರ ಕೈಸೇರುತ್ತಿತ್ತು, ಆದ್ದರಿಂದ ಕೊಡಲಿಲ್ಲ. ಪತ್ರದ ಮೇಲೆ ಅಳಿಸಲಾಗದ ಶಾಯಿಯಲ್ಲಿ ಈ ಸಂಖ್ಯೆಯನ್ನು ಬೇರೆ ಫ್ರೇಮಿನ ಮೇಲೆ ಒತ್ತಲಾಗಿದೆ ಎಂದು ಬರೆದು, ಪರಿಣತರ ವರದಿ ಮತ್ತು ಛಾಯಾಚಿತ್ರಗಳನ್ನು ಅದರ ಜೊತೆಗೇ ಇರಿಸಿದ್ದೇನೆ.