ಜೂನ್‌ನಲ್ಲಿ ಕಂಬಳ ತೋರಿಸ್ತೀನಿ ಅನ್ನುವವರಿಗೆ ದುಡ್ಡು ಕೊಡಬೇಡಿ

ಮೈಸೂರು, ಮಂಡ್ಯದವರು ಯಾರಾದರೂ ಮಳೆಗಾಲಕ್ಕೆ ಕರಾವಳಿ ಪ್ಯಾಕೇಜ್ ನೋಡ್ತಾ ಇದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ದುಡ್ಡು ಬಿಚ್ಚಿ. ತಲೆಗೆ 8,500 ರೂಪಾಯಿ ಕೊಟ್ಟು ಬಂದಿದ್ದೇವೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಬಾಮೈದನಿಗೆ ರಜೆ ಸಿಕ್ಕಿದ್ದು ಜೂನ್ ಕೊನೆಗೆ. ಇಲ್ಲೇ ಮೈಸೂರಿನ ಒಂದು ಟ್ರಾವೆಲ್ಸ್‌ನವನು ಪಟ್ಟಿ ಕಳಿಸಿದ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರಿಸ್ ದ್ವೀಪ, ಕಂಬಳ, ಯಕ್ಷಗಾನ, ಉಡುಪಿ ಕೃಷ್ಣ ಮಠ. ‘ಆಗ ಮಳೆ ಅಲ್ವಾ?’ ಅಂತ ಕೇಳಿಯೇ ಕೇಳಿದೆ. ‘ಮಳೇಲೇ ಸಾರ್ ಮಜಾ, ಎಲ್ಲಾ ಅರೇಂಜ್ ಆಗಿದೆ’ ಅಂದ. ದುಡ್ಡು ಪೂರ್ತಿ ಮುಂಚೆಯೇ ಇಸ್ಕೊಂಡ.

ಮಲ್ಪೆಗೆ ಹೋದರೆ ಟಿಕೆಟ್ ಕೌಂಟರಿಗೆ ಬೀಗ. ಬೋಟುಗಳನ್ನೆಲ್ಲ ಒಂದಕ್ಕೊಂದು ಹಗ್ಗ ಬಿಗಿದು ಕಟ್ಟಿಹಾಕಿದ್ದಾರೆ, ಮೇಲೆ ನೀಲಿ ಟಾರ್ಪಾಲು. ಅಲ್ಲೇ ಕೂತು ಬಲೆ ಸರಿಮಾಡುತ್ತಿದ್ದ ಒಬ್ಬರನ್ನು ಕೇಳಿದೆ. ಅವರು ನಮ್ಮ ಕೊಡೆಗಳನ್ನೂ ಬಾಮೈದನ ಕ್ಯಾಮೆರಾವನ್ನೂ ನೋಡಿ, ‘ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಎಲ್ಲಿಂದ ಮಾರಾಯ್ರೆ? ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಮೀನಿನ ಬೋಟೇ ಕಡಲಿಗೆ ಇಳಿಯುವ ಹಾಗಿಲ್ಲ’ ಅಂದರು. ಪಕ್ಕದಲ್ಲಿದ್ದವರು ನಕ್ಕರು. ಅತ್ತೆ, ಮಾವ ಹಿಂದೆಯೇ ನಿಂತಿದ್ದರು. ಎಲ್ಲಿಗೆ ಮುಖ ಇಟ್ಟುಕೊಳ್ಳಲಿ ಹೇಳಿ.

ತಕ್ಷಣ ಆ ಟ್ರಾವೆಲ್ಸಿನವನಿಗೆ ಫೋನ್ ಮಾಡಿದೆ. ‘ನೇಚರ್ ನಮ್ಮ ಕೈಲಿ ಇಲ್ಲ ಸಾರ್.’ ಅಲ್ಲಪ್ಪ, ಪ್ರತಿ ವರ್ಷ ಬರುವ ಮಳೆಗಾಲ, ಪ್ರತಿ ವರ್ಷ ನಿಲ್ಲುವ ಬೋಟು! ನಿನಗೆ ಗೊತ್ತಿರಲಿಲ್ವಾ?

ಮಾರನೇ ದಿನ ಕಂಬಳ. ಡ್ರೈವರ್ ಒಂದು ಗದ್ದೆ ಪಕ್ಕ ಗಾಡಿ ನಿಲ್ಲಿಸಿ, ‘ಇದೇ ಸಾರ್ ಕಂಬಳ ನಡೆಯೋ ಜಾಗ’ ಅಂದ. ಕೋಣ ಇಲ್ಲ, ಓಡಿಸುವವರಿಲ್ಲ. ಕೆಸರು ನೀರು, ಒಂದು ಕೊಕ್ಕರೆ. ಕಂಬಳ ಶುರುವಾಗುವುದೇ ನವೆಂಬರ್ ಹೊತ್ತಿಗೆ, ಬೇಸಿಗೆ ಬರುತ್ತಿದ್ದ ಹಾಗೆ ಮುಗಿಯುತ್ತದೆ. ಮತ್ತೆ ಫೋನ್. ಈ ಸಲ ಅವನ ಉತ್ತರ ಕೇಳಿ: ‘ಪಟ್ಟೀಲಿ ಕಂಬಳ ವಿಸಿಟ್ ಅಂತಿದೆ. ಕೋಣ ಓಡ್ತವೆ ಅಂತ ನಾವೆಲ್ಲಿ ಬರೆದಿದ್ದೀವಿ?’

ಯಕ್ಷಗಾನದ್ದು ಇನ್ನೂ ಚೆಂದ. ಹೋಟೆಲಿನ ಊಟದ ಹಾಲ್‌ನಲ್ಲಿ ಇಬ್ಬರು ಹುಡುಗರು ವೇಷ ಹಾಕಿ ಬಂದರು. ಹಾಡುವ ಭಾಗವತರಿಲ್ಲ, ಚೆಂಡೆ ಇಲ್ಲ, ಮದ್ದಳೆ ಇಲ್ಲ. ಮೊಬೈಲಿನಿಂದ ಸ್ಪೀಕರಿಗೆ ಹಾಡು. ನಡುವೆ ಜಾಹೀರಾತು ಬಂತು, ಪಾಪ ಹುಡುಗರು ಅದು ಮುಗಿಯುವವರೆಗೆ ಹಾಗೇ ನಿಂತರು. ಅವರನ್ನು ಬೈಯಲು ಮನಸ್ಸಾಗಲಿಲ್ಲ. ಮೇ ಕೊನೆಯಲ್ಲಿ ಪತ್ತನಾಜೆ ಅನ್ನುವ ದಿನ ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಮಳೆಗಾಲ ಕಳೆದ ಮೇಲೆಯೇ ಅಂತ ಹೋಟೆಲಿನವರೇ ಹೇಳಿದರು. ಮಳೆಗಾಲದಲ್ಲಿ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಲೆ ನಡೆಯುತ್ತದೆ, ಅದನ್ನಾದರೂ ತೋರಿಸಬಹುದಿತ್ತು. ಅವನಿಗೆ ಅದೆಲ್ಲ ಯಾಕೆ ಬೇಕು?

ಪಟ್ಟಿಯಲ್ಲಿದ್ದಿದ್ದರಲ್ಲಿ ಸರಿಯಾಗಿ ಸಿಕ್ಕಿದ್ದು ಮಠ ಒಂದೇ. ಅದಕ್ಕೆ ಇವನು ಬೇಕಿರಲಿಲ್ಲ.

ವಾಪಸ್ ಬಂದು ಆಫೀಸಿಗೇ ಹೋದೆ. ಅರ್ಧ ದುಡ್ಡಾದರೂ ಕೊಡು ಅಂದರೆ, ‘ಮುಂದಿನ ಟ್ರಿಪ್‌ಗೆ 500 ಡಿಸ್ಕೌಂಟ್ ಕೊಡ್ತೀನಿ ಸಾರ್’ ಅಂತ ನಗುತ್ತಾನೆ. ನಗುತ್ತಾನೆ!

ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಬೋಟು, ಕಂಬಳ, ಯಕ್ಷಗಾನ, ಯಾವುದೇ ಇರಲಿ, ಆ ತಿಂಗಳಲ್ಲಿ ನಡೆಯುತ್ತಾ ಅಂತ ಅಲ್ಲಿಯ ಊರಿನವರನ್ನೇ ಕೇಳಿ. ಏಜೆಂಟನ್ನಲ್ಲ. ಏನೇನು ತೋರಿಸ್ತಾನೆ, ತೋರಿಸದಿದ್ದರೆ ಎಷ್ಟು ವಾಪಸ್ ಕೊಡ್ತಾನೆ, ಬರೆಸಿಕೊಳ್ಳಿ. ನನ್ನ ಫೋನ್ ಅವನು ಈಗ ಎತ್ತುತ್ತಿಲ್ಲ. ಆದರೆ ನಿನ್ನೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹೊಸ ಪೋಸ್ಟರ್ ಹಾಕಿದ್ದಾನೆ: ‘ಆಗಸ್ಟ್ ಬ್ಯಾಚ್, ಕೆಲವೇ ಸೀಟು ಬಾಕಿ.’ ಮೇಲುಗಡೆ ದೊಡ್ಡದಾಗಿ ಓಡುತ್ತಿರುವ ಕೋಣಗಳ ಫೋಟೊ.